ಏಲಿಯನ್ ವರ್ಸಸ್ ಪ್ರಿಡೇಟರ್ ವರ್ಸಸ್ ನನ್ನ ಹೆಂಡತಿ

ಇನ್ನೆರಡು ವಾರ. 2007ರ ಡಿಸೆಂಬರ್ 25ಕ್ಕೆ ಅಮೆರಿಕದಲ್ಲಿ ‘ಏಲಿಯನ್ಸ್ ವರ್ಸಸ್ ಪ್ರಿಡೇಟರ್: ರೆಕ್ವಿಯಮ್’ ಬಿಡುಗಡೆ. ಕ್ರಿಸ್‌ಮಸ್ ದಿನ ಮನೆಮಂದಿಯೆಲ್ಲ ಕೇಕ್ ಕತ್ತರಿಸೋ ಹೊತ್ತಿಗೆ, ಎದೆ ಸೀಳಿಕೊಂಡು ಹೊರಗೆ ಬರೋ ಪ್ರಾಣಿಯ ಸಿನೆಮಾ ಬಿಡೋಣ ಅಂತ ಹೊಳೆದ ಪುಣ್ಯಾತ್ಮ ಯಾರೋ, ಅವನಿಗೊಂದು ದೊಡ್ಡ ನಮಸ್ಕಾರ.

ಟ್ರೇಲರ್ ಬಂದಾಗಿನಿಂದ ನಮ್ಮ ಆಫೀಸಿನ ಊಟದ ಟೇಬಲ್ಲು ಎರಡು ಪಕ್ಷವಾಗಿದೆ. ಏಲಿಯನ್ ಪಕ್ಷದವರ ವಾದ ಸರಳ: ಅದರ ರಕ್ತವೇ ಆಸಿಡ್, ಹೊಡೆದವನೇ ಸುಟ್ಟುಹೋಗ್ತಾನೆ. ಪ್ರಿಡೇಟರ್ ಪಕ್ಷದವರ ಹತ್ತಿರ ಆಯುಧಗಳ ಪಟ್ಟಿಯೇ ಇದೆ. ಭುಜದ ಮೇಲೆ ಫಿರಂಗಿ, ಕೈಯಲ್ಲಿ ಕತ್ತಿ, ಮೈಮೇಲೆ ಮಾಯವಾಗೋ ಕವಚ. ಟೆಸ್ಟಿಂಗ್ ಟೀಮಿನ ಒಬ್ಬ ಇದಕ್ಕೆ ಎಕ್ಸೆಲ್ ಶೀಟ್ ಮಾಡಿ, ಬಲಕ್ಕೆ ಇಷ್ಟು, ಬುದ್ಧಿಗೆ ಇಷ್ಟು ಅಂತ ಅಂಕ ಕೊಟ್ಟು ಎಲ್ಲರಿಗೂ ಮೇಲ್ ಮಾಡಿದ್ದಾನೆ. ಆ ಶ್ರದ್ಧೆಯನ್ನ ನಮ್ಮ ಪ್ರಾಡಕ್ಟಿನ ಮೇಲೆ ತೋರಿಸಿದ್ದರೆ ರಿಲೀಸ್ ದಿನ ಎಲ್ಲರೂ ಬೇಗ ಮನೆಗೆ ಹೋಗಬಹುದಿತ್ತು. ನಗೋ ಹಾಗೂ ಇಲ್ಲ. ರಾಜ್‌ಕುಮಾರ್, ವಿಷ್ಣುವರ್ಧನ್ ಜೊತೆಯಾಗಿ ನಟಿಸಿದ್ದು 1973ರ ‘ಗಂಧದ ಗುಡಿ’ ಒಂದರಲ್ಲೇ. ಅದರಲ್ಲಿ ಯಾರು ಹೆಚ್ಚು ಯಾರು ಕಮ್ಮಿ ಅಂತ ನಮ್ಮ ಇಬ್ಬರು ಮಾವಂದಿರು ಪ್ರತಿ ಮದುವೆ ಮನೆಯಲ್ಲೂ ಈಗಲೂ ಕಿತ್ತಾಡ್ತಾರೆ.

ಈ ಕಾಯುವಿಕೆಗೆ ಹದಿನೇಳು ವರ್ಷದ ಹಿನ್ನೆಲೆ ಇದೆ. 1990ರ ‘ಪ್ರಿಡೇಟರ್ 2’ ಸಿನೆಮಾದ ಕೊನೆಯಲ್ಲಿ ನಾಯಕ ಪ್ರಿಡೇಟರಿನ ಹಡಗಿನೊಳಗೆ ಹೋಗ್ತಾನೆ. ಅಲ್ಲಿ ಗೋಡೆಯ ಮೇಲೆ ಬೇಟೆಯಾಡಿದ ಪ್ರಾಣಿಗಳ ಬುರುಡೆಗಳನ್ನ ಸಾಲಾಗಿ ಇಟ್ಟಿರ್ತಾರೆ. ಅವುಗಳ ನಡುವೆ ಉದ್ದ ತಲೆಯ ಒಂದು ಬುರುಡೆ. ಏಲಿಯನ್ನಿನದು! ತೆರೆಯ ಮೇಲೆ ಇರೋದು ಕೆಲವೇ ಸೆಕೆಂಡು, ಯಾರೂ ಅದರ ಬಗ್ಗೆ ಒಂದು ಮಾತೂ ಆಡೋದಿಲ್ಲ. ಡಾರ್ಕ್ ಹಾರ್ಸ್ ಕಂಪನಿಯವರು ಅಷ್ಟರೊಳಗೇ ಇಬ್ಬರನ್ನೂ ಸೇರಿಸಿ ಕಾಮಿಕ್ಸ್ ಶುರುಮಾಡಿದ್ದರು. ಸಿನೆಮಾ ಮಾತ್ರ ಬಂದದ್ದು 2004ರಲ್ಲಿ. ಒಂದು ಬುರುಡೆಯನ್ನ ನೆಚ್ಚಿಕೊಂಡು ಹದಿನಾಲ್ಕು ವರ್ಷ ಕಾದ ಜನ ನಾವು. ನಮ್ಮೂರಿನ ಕ್ಯಾಸೆಟ್ ಅಂಗಡಿಯಿಂದ ಬಾಡಿಗೆಗೆ ತಂದ ಟೇಪನ್ನ ಆ ಜಾಗದಲ್ಲಿ ಪಾಸ್ ಮಾಡಿ ಮಾಡಿ, ಅಲ್ಲಿ ಬರೀ ಗೆರೆ ಕಾಣೋ ಹಾಗೆ ಆಗಿತ್ತು.

ಆದರೆ ಯಾರು ಗೆಲ್ತಾರೆ ಅನ್ನೋದು ನನಗೆ ಯಾವತ್ತೂ ದೊಡ್ಡ ಪ್ರಶ್ನೆ ಅನ್ನಿಸಿಲ್ಲ. ಇಬ್ಬರೂ ಹುಟ್ಟಿಸೋ ಭಯ ಬೇರೆ ಬೇರೆ ಜಾತಿಯದು. 1987ರ ಮೊದಲನೇ ‘ಪ್ರಿಡೇಟರ್’ನ ಭಯ ಬೇಟೆಯ ಭಯ. ಆರ್ನಾಲ್ಡ್ ಥರದ ಆಳೇ ಮೈತುಂಬ ಕೆಸರು ಮೆತ್ತಿಕೊಂಡು ಬೇರಿನ ಕೆಳಗೆ ಅಡಗಿ ಕೂರ್ತಾನಲ್ಲ, ಆ ಭಯ. ಆದರೂ ಪ್ರಿಡೇಟರಿಗೆ ಒಂದು ನೀತಿ ಇದೆ. ಆಯುಧ ಇಲ್ಲದವರನ್ನ ಅದು ಮುಟ್ಟೋದಿಲ್ಲ. ಎರಡನೇ ಸಿನೆಮಾದಲ್ಲಿ ಬಸುರಿ ಹೆಂಗಸೊಬ್ಬಳನ್ನ ಬಿಟ್ಟು ಹೊರಟುಹೋಗುತ್ತೆ. ಅಂದರೆ ಅದರ ಜೊತೆ ಒಂದು ಮಟ್ಟಿಗೆ ಮಾತುಕತೆ ಸಾಧ್ಯ.

ಏಲಿಯನ್ ಜೊತೆ ಅದು ಸಾಧ್ಯವೇ ಇಲ್ಲ. 1979ರಲ್ಲಿ ರಿಡ್ಲಿ ಸ್ಕಾಟ್ ತೆಗೆದ ಸಿನೆಮಾ. ಸ್ವಿಸ್ ಕಲಾವಿದ ಗೀಗರ್ ಬರೆದ ರೂಪಕ್ಕೆ ಕಣ್ಣೇ ಇಲ್ಲ. ವೇಷದೊಳಗೆ ಇದ್ದದ್ದು ಬೊಲಾಜಿ ಬಡೇಜೊ ಅಂತ ಏಳಡಿಯ ಹತ್ತಿರದ ಒಬ್ಬ ನೈಜೀರಿಯಾದ ವಿದ್ಯಾರ್ಥಿ. ಇಡೀ ಸಿನೆಮಾದಲ್ಲಿ ಅವನು ಕಾಣೋದು ಕೆಲವೇ ನಿಮಿಷ. ಮೊಟ್ಟೆಯಿಂದ ಹಾರಿ ಮುಖಕ್ಕೆ ಅಂಟಿಕೊಳ್ಳೋ ಜಂತು ಮನುಷ್ಯನ ಒಳಗೆ ಬೀಜ ಇಟ್ಟು ತಾನು ಸಾಯುತ್ತೆ. ಆಮೇಲೆ ಊಟದ ಟೇಬಲ್ಲಿನ ಆ ದೃಶ್ಯ, ನೋಡಿದವರಿಗೆ ಹೇಳಬೇಕಿಲ್ಲ, ನೋಡದವರಿಗೆ ಹೇಳಬಾರದು.

ಮೊದಲ ಸಲ ಅದನ್ನ ನೋಡಿದಾಗ ನನಗೆ ನೆನಪಾದದ್ದು ನಮ್ಮಜ್ಜಿ ಹೇಳುತ್ತಿದ್ದ ಕಣಜದ ಕಥೆ. ಕಿಟಕಿ ಚೌಕಟ್ಟಿನ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುತ್ತಲ್ಲ, ಕುಂಬಾರ ಹುಳ, ಅದು. ಎಲ್ಲಿಂದಲೋ ಒಂದು ಹಸಿರು ಹುಳ ಹಿಡಿದು ತಂದು ಗೂಡಿನೊಳಗೆ ಹಾಕಿ ಮುಚ್ಚುತ್ತೆ. ಒಳಗಿನ ಹುಳ ಹೆದರಿ ಹೆದರಿ, ಕಣಜವನ್ನೇ ನೆನೆದೂ ನೆನೆದೂ, ಕೊನೆಗೆ ತಾನೇ ಕಣಜವಾಗಿ ಹೊರಗೆ ಬರುತ್ತೆ ಅಂತ ಅಜ್ಜಿ. ಭ್ರಮರ-ಕೀಟ ನ್ಯಾಯ ಅಂತ ವೇದಾಂತದಲ್ಲಿ ಇದಕ್ಕೆ ಹೆಸರೇ ಇದೆ. ಭಕ್ತ ದೇವರನ್ನ ನೆನೆದು ದೇವರೇ ಆಗೋದಕ್ಕೆ ಕೊಡೋ ಉದಾಹರಣೆ. ಹೈಸ್ಕೂಲಿನ ಜೀವಶಾಸ್ತ್ರದ ಮೇಷ್ಟ್ರು ಹೇಳಿದ್ದು ಬೇರೆ. ಕಣಜ ಹುಳವನ್ನ ಕುಟುಕಿ ಮರಗಟ್ಟಿಸಿ ಗೂಡಿನಲ್ಲಿ ತನ್ನ ಮೊಟ್ಟೆಯ ಜೊತೆ ಇಡುತ್ತೆ. ಮರಿ ಹುಟ್ಟಿ, ಇನ್ನೂ ಜೀವ ಇರೋ ಹುಳವನ್ನೇ ತಿಂದು ಬೆಳೆದು ಹೊರಗೆ ಬರುತ್ತೆ. ‘ಏಲಿಯನ್’ ಕಥೆ ಬರೆದ ಡ್ಯಾನ್ ಓಬ್ಯಾನನ್‌ಗೂ ಇಂಥ ಕಣಜಗಳೇ ಸ್ಫೂರ್ತಿಯಂತೆ. ಅಜ್ಜಿಯ ವೇದಾಂತವನ್ನ ಮೇಷ್ಟ್ರ ಜೀವಶಾಸ್ತ್ರ ಒಂದೇ ಪೀರಿಯಡ್‌ನಲ್ಲಿ ಹಾರರ್ ಸಿನೆಮಾ ಮಾಡಿಬಿಟ್ಟಿತ್ತು.

ಈ ಕಥೆಯನ್ನ ಹೋದ ತಿಂಗಳು ನನ್ನ ಹೆಂಡತಿಗೆ ಹೇಳಿದೆ. ಅವಳಿಗೀಗ ಐದು ತಿಂಗಳು. ಟ್ರೇಲರನ್ನೂ ತೋರಿಸಿದೆ. ಅರ್ಧ ನೋಡಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಕೇಳಿದಳು: “ಒಳಗೆ ಒಂದು ಜೀವ ಇಟ್ಕೊಂಡು, ಅದು ಯಾವಾಗ ಹೆಂಗೆ ಹೊರಗೆ ಬರುತ್ತೋ ಅಂತ ಹೆದರ್ಕೊಂಡು ಓಡಾಡೋದು ಏನು ಅಂತ ಗಂಡಸರಿಗೆ ಅರ್ಥ ಆಗೋಕೆ ಇಷ್ಟೊಂದು ಗ್ರಾಫಿಕ್ಸ್ ಬೇಕಾಯ್ತಾ?”

ಇಪ್ಪತ್ತೆಂಟು ವರ್ಷಗಳಿಂದ ಈ ಸಿನೆಮಾದ ಬಗ್ಗೆ ಬಂದಿರೋ ವಿಮರ್ಶೆಯಲ್ಲಿ ಇದಕ್ಕಿಂತ ಚೆನ್ನಾಗಿರೋದು ನನ್ನ ಕಣ್ಣಿಗೆ ಬಿದ್ದಿಲ್ಲ. ಏಲಿಯನ್ ಮೊದಲು ಹಿಡಿಯೋದು ಒಬ್ಬ ಗಂಡಸನ್ನೇ ಅನ್ನೋದು ಆಕಸ್ಮಿಕ ಅಲ್ಲ.

ನಮ್ಮ ಮನೆಯಲ್ಲಿ ಈ ಮಾತಿಗೆ ಇನ್ನೊಂದು ತೂಕವೂ ಇದೆ. ಹೋದ ವರ್ಷ ಹತ್ತನೇ ವಾರದ ಸ್ಕ್ಯಾನಿನಲ್ಲಿ ಎದೆಬಡಿತ ಸಿಗಲಿಲ್ಲ. ಅಷ್ಟು ಹೇಳಿ ಮುಂದೆ ಹೋಗ್ತೀನಿ. ಈ ಸಲ ಸ್ಕ್ಯಾನಿಂಗ್ ಕೋಣೆಗೆ ಹೋದಾಗ ದೀಪ ಆರಿಸಿದರು. ಗೋಡೆಯ ಮೇಲೆ ಲಿಂಗ ಪತ್ತೆ ಅಪರಾಧ ಅನ್ನೋ ಬೋರ್ಡು, ಮೂಲೆಯಲ್ಲಿ ಬೂದು ಬಣ್ಣದ ಸ್ಕ್ರೀನು, ಅದರಲ್ಲಿ ಮಂಜು ಮಂಜಾಗಿ ಏನೋ. ಡಾಕ್ಟರು ಮಾತಾಡ್ತಾ ಇಲ್ಲ. ನಾನು ಆ ಸ್ಕ್ರೀನಿನಲ್ಲಿ ಅಲುಗಾಡೋ ಒಂದು ಚುಕ್ಕೆಗೆ ಹುಡುಕ್ತಾ ಇದ್ದೆ. 1986ರ ‘ಏಲಿಯನ್ಸ್’ ನೋಡಿದವರಿಗೆ ಮೋಷನ್ ಟ್ರ್ಯಾಕರ್ ನೆನಪಿರಬೇಕು. ಸೈನಿಕರ ಕೈಯಲ್ಲಿ ಒಂದು ಪುಟ್ಟ ಸ್ಕ್ರೀನು, ಅದರಲ್ಲಿ ಚುಕ್ಕೆ, ಜೊತೆಗೆ ಬೀಪ್ ಬೀಪ್ ಸದ್ದು. ಅಲ್ಲಿ ಸದ್ದು ಜೋರಾದರೆ ಜೀವ ಹೋದ ಹಾಗೆ. ಇಲ್ಲಿ ಸದ್ದು ಬಂದರೆ ಜೀವ ಬಂದ ಹಾಗೆ. ಬಂತು. ಕುದುರೆ ಓಡಿದ ಹಾಗೆ ಬಂತು. ಅವಳು ನನ್ನ ಕೈ ಹಿಡಿದದ್ದಕ್ಕೆ ಉಗುರಿನ ಗುರುತು ಎರಡು ದಿನ ಇತ್ತು.

ಕ್ಯಾಮೆರಾನ್ ಆ ಚುಕ್ಕೆಯಿಂದ ಹುಟ್ಟಿಸಿದ ಭಯ ಮುಂದಿನ ಯಾವ ಸಿನೆಮಾಕ್ಕೂ ಸಿಗಲಿಲ್ಲ. 2004ರ ‘ಏಲಿಯನ್ ವರ್ಸಸ್ ಪ್ರಿಡೇಟರ್’ನಲ್ಲಂತೂ ಅದು ಪೂರ್ತಿ ನಾಪತ್ತೆ. ಅಂಟಾರ್ಕ್ಟಿಕದ ಮಂಜಿನ ಅಡಿಯಲ್ಲಿ ಪಿರಮಿಡ್ಡು, ನೂರು ವರ್ಷಕ್ಕೊಮ್ಮೆ ಬಂದು ಏಲಿಯನ್ ಬೇಟೆಯಾಡಿ ದೊಡ್ಡವರಾಗೋ ಪ್ರಿಡೇಟರ್ ಹುಡುಗರು. ಒಂಥರಾ ಉಪನಯನ ಅನ್ನಿ. ಕಲ್ಪನೆ ಚೆನ್ನಾಗಿಯೇ ಇತ್ತು. ಆದರೆ ಮೊದಲ ಹೊಡೆತ ಬಿದ್ದ ಕೂಡಲೇ ನಾವು ಬೇಟೆಯ ಪ್ರಾಣಿಗಳಾಗೋದು ಬಿಟ್ಟು ಪ್ರೇಕ್ಷಕರಾಗಿಬಿಟ್ಟೆವು. ಗ್ಯಾಲರಿಯಲ್ಲಿ ಕೂತು ಕುಸ್ತಿ ನೋಡೋವನಿಗೆ ಎಂಥ ಭಯ? ನಾಯಕಿ ಪ್ರಿಡೇಟರ್ ಜೊತೆ ಸೇರಿಕೊಂಡು ಓಡಿದಾಗ ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ನಾನೂ ಹೊಡೆದೆ, ಸುಳ್ಳು ಹೇಳಲ್ಲ.

ಈ ಕಾಯಿಲೆ ಹೊಸದೇನಲ್ಲ. ಜಪಾನಿನ ಗಾಡ್ಜಿಲ್ಲಾ 1954ರಲ್ಲಿ ಬಂದಾಗ ಹಿರೋಶಿಮಾಕ್ಕೆ ಇನ್ನೂ ಒಂಬತ್ತೇ ವರ್ಷ. ಅದೇ ವರ್ಷ ಮಾರ್ಚಿನಲ್ಲಿ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಒಂದು ಮೀನು ಹಿಡಿಯೋ ದೋಣಿಯ ಮೇಲೆ ಬಿದ್ದಿತ್ತು. ಅಂಥ ಭಯದಿಂದ ಎದ್ದು ಬಂದ ಪ್ರಾಣಿ ಅದು. ಎಂಟೇ ವರ್ಷಕ್ಕೆ, 1962ರಲ್ಲಿ, ಅದೇ ಇಶಿರೊ ಹೋಂಡಾ ‘ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ’ ತೆಗೆದಾಗ ಇಬ್ಬರು ಮನುಷ್ಯರು ರಬ್ಬರ್ ವೇಷ ತೊಟ್ಟು ಬಂಡೆ ಎತ್ತಿ ಎಸೆದಾಡ್ತಿದ್ದರು. ಕಥೆಯಲ್ಲಿ ಕಾಂಗ್‌ನನ್ನು ಕರೆತರೋದೇ ಒಂದು ಔಷಧಿ ಕಂಪನಿ, ತಾನು ಪ್ರಾಯೋಜಿಸೋ ಟಿವಿ ಕಾರ್ಯಕ್ರಮದ ರೇಟಿಂಗ್ ಏರಲಿ ಅಂತ! ಜಪಾನಿನ ಪ್ರತಿಯಲ್ಲಿ ಗಾಡ್ಜಿಲ್ಲಾ ಗೆಲ್ಲುತ್ತೆ, ಅಮೆರಿಕದ ಪ್ರತಿಯಲ್ಲಿ ಕಾಂಗ್ ಗೆಲ್ತಾನೆ ಅಂತ ಒಂದು ಸುದ್ದಿ ಎಲ್ಲ ಕಡೆ ಓಡಾಡುತ್ತೆ. ಸುಳ್ಳು. ಎರಡರಲ್ಲೂ ಇಬ್ಬರೂ ಸಮುದ್ರಕ್ಕೆ ಬೀಳ್ತಾರೆ, ಕಾಂಗ್ ಎದ್ದು ತನ್ನ ದ್ವೀಪದ ಕಡೆ ಈಜ್ತಾನೆ. ಇಬ್ಬರಲ್ಲಿ ಯಾರನ್ನ ಕೊಂದರೂ ಮುಂದಿನ ಸಿನೆಮಾಕ್ಕೆ ನಷ್ಟ ತಾನೇ.

ಹಾಗಂತ ಇಬ್ಬರೂ ಸೋಲಬಾರದ ಜಗಳ ಚಪ್ಪೆಯಾಗಲೇಬೇಕು ಅಂತೇನಿಲ್ಲ. ಯಕ್ಷಗಾನದ ‘ಕೃಷ್ಣಾರ್ಜುನ ಕಾಳಗ’ ನೋಡಿದವರಿಗೆ ಗೊತ್ತು. ಆಕಾಶದಲ್ಲಿ ಹೋಗ್ತಿದ್ದ ಗಯ ಗಂಧರ್ವ ಉಗುಳಿದ್ದು, ಅರ್ಘ್ಯ ಕೊಡ್ತಿದ್ದ ಕೃಷ್ಣನ ಬೊಗಸೆಗೆ ಬೀಳುತ್ತೆ. ಅವನನ್ನ ಕೊಲ್ತೀನಿ ಅಂತ ಕೃಷ್ಣನ ಪ್ರತಿಜ್ಞೆ. ಯಾರಿಂದ ಅಪಾಯ ಅಂತ ಕೇಳದೆ ಗಯನಿಗೆ ಅರ್ಜುನ ಅಭಯ ಕೊಟ್ಟಾಗಿದೆ. ಭಾವ-ಮೈದುನ, ದೇವರು-ಭಕ್ತ ಎದುರುಬದುರು. ಯಾರೂ ಸಾಯೋದಿಲ್ಲ, ಕೊನೆಗೆ ಈಶ್ವರ ಬಂದು ಬಿಡಿಸ್ತಾನೆ ಅಂತ ಚೌಕಿಯ ಹೊರಗೆ ಕಡಲೆ ಮಾರೋ ಹುಡುಗನಿಗೂ ಗೊತ್ತು. ಆದರೂ ಜನ ನಿದ್ದೆಗೆಟ್ಟು ಕೂರ್ತಾರೆ. ಇಬ್ಬರ ಮಾತೂ ನ್ಯಾಯವಾದದ್ದೇ, ಇಬ್ಬರೂ ಹಿಂದೆ ಸರಿಯೋ ಹಾಗಿಲ್ಲ. ಸುಭದ್ರೆ ಎರಡೂ ಕಡೆ ಓಡಾಡೋದನ್ನ ನೋಡೋಕೆ ಹೊಟ್ಟೆ ಕಿವುಚುತ್ತೆ. ಕತ್ತಿ ಬಿಲ್ಲುಗಳದ್ದು ಆಮೇಲಿನ ಮಾತು.

ಏಲಿಯನ್ ಸರಣಿಯಲ್ಲೂ ಇಂಥ ಒಂದು ಕಾಳಗ ಆಗಿಹೋಗಿದೆ, ‘ಏಲಿಯನ್ಸ್’ ಸಿನೆಮಾದ ಕೊನೆಯಲ್ಲಿ. ಒಂದು ಕಡೆ ನ್ಯೂಟ್ ಅನ್ನೋ ಅನಾಥ ಹುಡುಗಿಯನ್ನ ಎತ್ತಿಕೊಂಡಿರೋ ರಿಪ್ಲಿ, ಇನ್ನೊಂದು ಕಡೆ ತನ್ನ ಮೊಟ್ಟೆಗಳನ್ನ ಕಾಯ್ತಾ ಇರೋ ರಾಣಿ ಏಲಿಯನ್. ಎರಡು ತಾಯಂದಿರು. ರಿಪ್ಲಿ ಮೊಟ್ಟೆಗಳಿಗೆ ಬೆಂಕಿ ಇಟ್ಟಾಗ ರಾಣಿ ಕಿರುಚುತ್ತಲ್ಲ, ಆ ಒಂದು ಕ್ಷಣ ನಾನು ಯಾರ ಪಕ್ಷ ಅಂತ ನನಗೇ ಗೊತ್ತಾಗಲಿಲ್ಲ. ಆ ರಾಣಿಯನ್ನ ಕಟ್ಟಿದ ಸ್ಟ್ಯಾನ್ ವಿನ್‌ಸ್ಟನ್ ಮರುವರ್ಷ ಪ್ರಿಡೇಟರನ್ನೂ ಮಾಡಿದ. ಅದರ ಬಾಯಿಗೆ ಏಡಿಯ ಕಾಲಿನ ಹಾಗೆ ದವಡೆ ಇಡು ಅಂತ ಹೇಳಿದ್ದೂ ಕ್ಯಾಮೆರಾನೇ ಅಂತೆ. ಬದ್ಧವೈರಿಗಳು ಅಂತ ಇವತ್ತು ಪೋಸ್ಟರಿನಲ್ಲಿ ನಿಂತಿರೋ ಎರಡಕ್ಕೂ ತವರುಮನೆ ಒಂದೇ.

ಹೊಸ ಸಿನೆಮಾದಿಂದ ನನಗೆ ಇಷ್ಟು ಸಿಕ್ಕಿದರೂ ಸಾಕು: ಒಂದು ಚುಕ್ಕೆ, ಒಂದು ಕಿರುಚು. ಲಕ್ಷಣಗಳು ಮಿಶ್ರವಾಗಿವೆ. ನಿರ್ದೇಶಕರು ಸ್ಟ್ರಾಸ್ ಸಹೋದರರು, ಗ್ರಾಫಿಕ್ಸ್ ಲೋಕದವರು, ಇದೇ ಅವರ ಮೊದಲ ಸಿನೆಮಾ. ಅಂಥವರು ಎಲ್ಲವನ್ನೂ ತೋರಿಸಿಬಿಡೋ ಅಪಾಯ ಇದ್ದೇ ಇದೆ. ಒಳ್ಳೇದು ಅಂದರೆ ಕಥೆ ಕೊಲೊರಾಡೊದ ಗನ್ನಿಸನ್ ಅನ್ನೋ ಪುಟ್ಟ ಊರಿನಲ್ಲಿ ನಡೆಯುತ್ತೆ. ಮಂಜಿನ ಪಿರಮಿಡ್ಡಿಗಿಂತ ಮನೆ, ಶಾಲೆ, ಆಸ್ಪತ್ರೆ ಇರೋ ಊರು ಭಯಕ್ಕೆ ಒಳ್ಳೆ ಜಾಗ. ಹೋದ ಸಲದ ಸಿನೆಮಾದ ಕಟ್ಟಕಡೆಯಲ್ಲಿ ಸತ್ತ ಪ್ರಿಡೇಟರಿನ ಎದೆ ಸೀಳಿಕೊಂಡು ಹುಟ್ಟಿತಲ್ಲ, ಎರಡೂ ಬೆರೆತ ಒಂದು ಮರಿ, ಅದು ಈ ಸಲ ಬೆಳೆದು ನಿಂತಿದೆ. ಭ್ರಮರದ ಹೊಟ್ಟೆಯಲ್ಲೇ ಕೀಟ! ಅಜ್ಜಿ ಇದ್ದಿದ್ದರೆ ಏನು ಹೇಳ್ತಿದ್ದಳೋ. ಅವಳ ಪ್ರಕಾರ ಕಣಜ ಮನೆಯೊಳಗೆ ಗೂಡು ಕಟ್ಟಿದರೆ ಮನೆಗೆ ಮಗು ಬರುತ್ತೆ, ಅದನ್ನ ಒಡೆಯಬಾರದು. ನಮ್ಮ ಫ್ಲ್ಯಾಟಿನ ಅಡುಗೆಮನೆ ಕಿಟಕಿಯಲ್ಲಿ ದಸರಾ ಹೊತ್ತಿಗೆ ಒಂದು ಕಟ್ಟಿದೆ. ಕೆಲಸದವಳು ಪೊರಕೆ ಎತ್ತಿದಾಗ, ಭ್ರಮರ ಕೀಟ ಯಾವುದನ್ನೂ ನಂಬದ ನನ್ನ ಹೆಂಡತಿ “ಇರಲಿ ಬಿಡಿ” ಅಂದಳು. ಒಳಗೆ ಏನು ನಡೀತಿದೆ ಅಂತ ಗೊತ್ತಿದ್ದೂ.

ಸಿನೆಮಾ ಇಲ್ಲಿಗೆ ಬಂದ ದಿನವೇ ಆರು ಜನ ಆಫೀಸಿನಿಂದ ಸೀದಾ ಹೋಗೋದು ಅಂತ ನಿಶ್ಚಯ ಆಗಿದೆ. ನನ್ನ ಹೆಂಡತಿ ಬರೋದಿಲ್ಲ, ಬಂದ ಮೇಲೆ ನಾನು ಕಥೆ ಹೇಳೋ ಹಾಗೂ ಇಲ್ಲ. ಯಾರು ಗೆದ್ದರು ಅಂತ ಒಂದು ಎಸ್ಸೆಮ್ಮೆಸ್ ಕಳಿಸಿದರೆ ಸಾಕಂತೆ. ಟೆಸ್ಟಿಂಗ್ ಹುಡುಗನ ಎಕ್ಸೆಲ್ ಶೀಟ್ ನೋಡಿ, ತಾಯಿ ಅನ್ನೋ ಕಾಲಮ್ಮೇ ಇಲ್ಲವಲ್ಲ ಅಂತ ಬೈದು, ಏಲಿಯನ್ ಮೇಲೆ ಐವತ್ತು ರೂಪಾಯಿ ಕಟ್ಟಿದ್ದಾಳೆ.