ಆಲೂರಿನ ಕೋರ್ಟಿಗೊಬ್ಬ ವಕೀಲೆ

16 ಫೆಬ್ರುವರಿ 2025, ಭಾನುವಾರ, ಆಲೂರು ತಾಲ್ಲೂಕಿನ ಪಾಳ್ಯ

ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಪೇಪರಿನಲ್ಲಿದೆ. ಅದರಲ್ಲಿ ನಮ್ಮ ಹಾಸನದ್ದೂ ಒಂದು. ಅದರ ಆವರಣ ಹೇಮಗಂಗೋತ್ರಿ ಮೊದಲು ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು. 2023ರಲ್ಲಷ್ಟೇ ಸ್ವಂತ ಹೆಸರು ಪಡೆಯಿತು. "ಹಂಗಾದ್ರೆ ನಿನ್ನ ಮಾರ್ಕ್ಸ್ ಕಾರ್ಡಲ್ಲಿ ಯಾರ ಹೆಸರಿರುತ್ತೆ?" ಅಂತ ಅಮ್ಮ ಕೇಳಿದಳು. ಉತ್ತರ ನನಗೂ ಗೊತ್ತಿಲ್ಲ. ಹೆಸರಿನ ಚಿಂತೆಗಿಂತ ಸಿಟ್ಟು ದೊಡ್ಡದು. ನನ್ನ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತರಗತಿಯ ಅರ್ಧದಷ್ಟು ಹುಡುಗಿಯರು ಸಂಜೆ ಮನೆಗೆ ವಾಪಸು ಬರಬೇಕೆಂಬ ಕರಾರಿನ ಮೇಲೆ ಓದಲು ಬಂದವರು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹಿಡಿದು ಸಕಲೇಶಪುರದ ಕಡೆಯಿಂದ ಬರುವ ಬಸ್ಸಿನಲ್ಲಿ ನಿಂತೇ ಹೋಗುತ್ತೇವೆ. ಎಂ.ಎ.ಗೆ ದೂರದ ಮೈಸೂರಿಗೇ ಹೋಗಬೇಕಾದರೆ ಆಸೆ ಬಿಡುವವರು ಇವರೇ.

9 ಮಾರ್ಚ್

ಅಪ್ಪ ನಮ್ಮ ಕಾಫಿ ತೋಟಕ್ಕೆ ಹೂಮಳೆ ಬರಲೆಂದು ಕಾಯುತ್ತಿದ್ದಾರೆ. ಇವತ್ತು ಪುಸ್ತಕ ಮುಟ್ಟಲಿಲ್ಲ.

12 ಜುಲೈ, ಶನಿವಾರ

ರಾಜ್ಯಶಾಸ್ತ್ರದ ಕಿರುಪ್ರಬಂಧಕ್ಕೆ ಕರ್ನಾಟಕ ಆನೆ ಕಾರ್ಯಪಡೆಯ ವರದಿ ಆರಿಸಿಕೊಂಡೆ. ಆನೆಗಳ ಸಾವಿನ ಬಗ್ಗೆ 2008ರಲ್ಲಿ ಹೈಕೋರ್ಟ್ ತಾನಾಗಿಯೇ ಮೊಕದ್ದಮೆ ದಾಖಲಿಸಿಕೊಂಡಿತು. ಅದರಿಂದ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯ ಕಾರ್ಯಪಡೆ ಹುಟ್ಟಿತು. 2012ರ ಸೆಪ್ಟೆಂಬರಿನಲ್ಲಿ ವರದಿ ಬಂತು. ರಾಜ್ಯದ ನಕ್ಷೆಯನ್ನು ಅವರು ಮೂರು ವಲಯ ಮಾಡಿದರು: ಆನೆ ಸಂರಕ್ಷಣೆಗೆ ಒಂದು, ಆನೆ ಮತ್ತು ಮನುಷ್ಯ ಜೊತೆಗಿರಲು ಒಂದು, ಆನೆಗಳನ್ನು ತೆರವು ಮಾಡಲು ಒಂದು. ಆಲೂರು, ಸಕಲೇಶಪುರ ಮೂರನೆಯದರಲ್ಲಿವೆ.

ಇಲ್ಲಿ ಆನೆಗೆ ಅಖಂಡ ಕಾಡಿಲ್ಲ. ತುಂಡು ತುಂಡು ಕುರುಚಲು, ಅದರ ಸುತ್ತ ಕಾಫಿ ತೋಟ, ತಗ್ಗಿನಲ್ಲಿ ಗದ್ದೆ, ಆಚೆ ಹೇಮಾವತಿ ಹಿನ್ನೀರು. ಹಗಲು ತೋಟದ ನೆರಳು, ರಾತ್ರಿ ಭತ್ತ. ವರದಿಯ ನಂತರ ಹಲವು ಆನೆಗಳನ್ನು ಹಿಡಿದು ಸಾಗಿಸಿದರು. ಆನೆಗಳು ಇವತ್ತಿಗೂ ಇವೆ. ನಮ್ಮ ಸುತ್ತ ಎಷ್ಟೋ ಮನೆಯವರು ಭತ್ತದ ನಾಟಿಯನ್ನೇ ಕೈಬಿಟ್ಟಿದ್ದಾರೆ, ನಾವೂ ಬಿಟ್ಟಿದ್ದೇವೆ.

ಓದುತ್ತ ಓದುತ್ತ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ನಮ್ಮ ತೋಟದ ಹಣೆಬರಹ ಬೆಂಗಳೂರಿನ ಅಠಾರಾ ಕಚೇರಿಯಲ್ಲಿ, ಅಂದರೆ ಹೈಕೋರ್ಟಿನಲ್ಲಿ, ವಾದವಾಗುತ್ತಿದ್ದಾಗ ಪಾಳ್ಯದ ಕೂಲಿ ಹೆಂಗಸಿನ ಪರವಾಗಿ ಅಲ್ಲಿ ಯಾರು ನಿಂತಿದ್ದರು? ಬೆಳಿಗ್ಗೆ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುವವಳು ಅವಳು. ಆನೆ ತುಳಿದು ಸತ್ತರೆ ಕೊಡುವ ಪರಿಹಾರವನ್ನು 2022ರ ಡಿಸೆಂಬರಿನಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿದರು. ಅದು ಬೇಕಿತ್ತು. ಆದರೆ ಬದುಕಿರುವಾಗ ಅವಳಿಗೆ ಏನು ಹಕ್ಕಿದೆ ಎಂದು ಯಾರಾದರೂ ಕೇಳಬೇಕು. ಅರ್ಥಶಾಸ್ತ್ರ ಅವಳ ಕೂಲಿ ಲೆಕ್ಕ ಹಾಕುವುದನ್ನು ಕಲಿಸಿತು, ರಾಜ್ಯಶಾಸ್ತ್ರ ಅಧಿಕಾರ ಯಾರ ಕೈಯಲ್ಲಿದೆ ಎಂದು ತೋರಿಸಿತು. ಅರ್ಜಿಯನ್ನು ಎಲ್ಲಿ, ಯಾವ ಕಲಮಿನಡಿ ಹಾಕಬೇಕೆಂದು ಎರಡೂ ಹೇಳಲಿಲ್ಲ. ಅದಕ್ಕೇ ನಾನು ಮುಂದೆ ಕಾನೂನು ಓದುತ್ತೇನೆ.

10 ನವೆಂಬರ್

ನಿನ್ನೆ ಕಾನೂನು ಸೇವೆಗಳ ದಿನ, ಇವತ್ತು ಅದರ ಕಾರ್ಯಕ್ರಮದಲ್ಲಿ ಒಂದು ವಿಷಯ ತಿಳಿಯಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಹೆಂಗಸರಿಗೆ ವರಮಾನ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಸಂಜೆ ತೋಟದ ಕೂಲಿಯವರ ಲೈನ್ ಮನೆಯ ಅಕ್ಕನಿಗೆ ಹೇಳಿದೆ. ಅವಳು ನಂಬಲಿಲ್ಲ. "ದುಡ್ಡಿಲ್ದೆ ಯಾವ ಲಾಯರ್ ಮಾತಾಡ್ತಾನೆ ಕಣವ್ವ?" ಮೂವತ್ತು ವರ್ಷಗಳಿಂದ ಜಾರಿಯಲ್ಲಿರುವ ಕಾಯ್ದೆ ಹೆದ್ದಾರಿ ಪಕ್ಕದ ಈ ಊರಿಗೆ ಇನ್ನೂ ಬಂದಿಲ್ಲ.

4 ಡಿಸೆಂಬರ್, ಗುರುವಾರ

ದಸರಾ ಆನೆ ಅರ್ಜುನ ಯಸಳೂರಿನ ಕಾಡಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತು ಇವತ್ತಿಗೆ ಎರಡು ವರ್ಷ. ಬಸ್ಸಿನಲ್ಲಿ ಅದೇ ಮಾತು.

ಆಮೇಲೆ ಮಾತು ನನ್ನ ಓದಿನ ಕಡೆ ತಿರುಗಿತು. ಗೆಳತಿಯರು ಬೆಂಗಳೂರು ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಪ್ರವೇಶ ಪರೀಕ್ಷೆಗೆ ಓದು ಅನ್ನುತ್ತಾರೆ. 2022ರಿಂದ ಅಲ್ಲೂ ಮೂರು ವರ್ಷದ ಎಲ್‌ಎಲ್‌.ಬಿ. ಇದೆ. ಬರೆದು ನೋಡುತ್ತೇನೆ, ಓದು ವ್ಯರ್ಥವಾಗದು. ಆದರೆ ಮನಸ್ಸು ಇರುವುದು ಹಾಸನದ ಎಂ. ಕೃಷ್ಣ ಕಾನೂನು ಕಾಲೇಜಿನ ಮೇಲೆ. ಹುಬ್ಬಳ್ಳಿಯ ಕಾನೂನು ವಿ.ವಿ.ಗೆ ಸೇರಿದ್ದು, ಇದೇ ಬಸ್ಸಿನ ದಾರಿ. ಪದವಿಯಲ್ಲಿ ಶೇ. 45 ಸಾಕು, ಅದಕ್ಕಿಂತ ಬಹಳ ಮುಂದಿದ್ದೇನೆ. ಸನದು ಪಡೆಯುವ ಶುಲ್ಕ 750 ರೂಪಾಯಿ ದಾಟಬಾರದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದ್ದನ್ನು ಅಪ್ಪನಿಗೆ ಓದಿ ತೋರಿಸಿದೆ. "ಅಷ್ಟೇನಾ? ಮತ್ತೆ ಬೆಂಗ್ಳೂರ್ ಯಾಕೆ, ಆಲೂರಲ್ಲೇ ಕೋರ್ಟಿದೆಯಲ್ಲ" ಅಂದರು. ನಾನೂ ಅದನ್ನೇ ಯೋಚಿಸಿದ್ದೆ. ಪಹಣಿ, ಬಗರ್‌ಹುಕುಂ ಅರ್ಜಿ, ಬೆಳೆ ಪರಿಹಾರ ಎಲ್ಲವೂ ಕೂತಿರುವುದು ತಾಲ್ಲೂಕಿನಲ್ಲಿ. ಕೊನೆಯ ಸೆಮಿಸ್ಟರ್ ಮುಗಿದ ಕೂಡಲೇ ಅರ್ಜಿ ಹಾಕುತ್ತೇನೆ. ಅಷ್ಟರೊಳಗೆ ಲೈನ್ ಮನೆಯ ಅಕ್ಕನನ್ನು ಆಲೂರಿನ ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಬೇಕು. ಸೋಮವಾರ ಅವಳಿಗೆ ಕೆಲಸ ಬಿಡುವಾದರೆ ಸೋಮವಾರವೇ.