ದಾರಿಯಲ್ಲಿ ಕಂಡ ಜಾವಾ

ಬೀದಿಯಲ್ಲಿ ಅತ್ತಿತ್ತ ನೋಡದೆ ನಡೆಯಿರೆಂದು ಹುಡುಗಿಯರಿಗೆ ಬುದ್ಧಿ ಹೇಳುವ ನಾವೇ ಮೊನ್ನೆ ಮಾರ್ಕೆಟ್ಟಿನೆದುರು ನಿಂತುಬಿಟ್ಟೆವೆಂಬುದನ್ನು ಹಳೆಯ ವಿದ್ಯಾರ್ಥಿನಿಯರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಸ್ಕೂಟರುಗಳ ಸಾಲಿನಲ್ಲಿ, ತರಕಾರಿಯ ಚೀಲವನ್ನು ತಗುಲಿಸಿಕೊಂಡು, ಕಡುಗೆಂಪು ಬಣ್ಣದ ಹಳೆಯ ಜಾವಾ ಮೋಟಾರು ಸೈಕಲ್ಲೊಂದು ನಿಂತಿತ್ತು!

1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಬಂಡಿಯದು. ಮುಂದೆ ಯೆಜ್ಡಿಯೆಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2018ರಿಂದ ಹೊಸ ಜಾವಾಗಳು ಬಂದಿವೆಯಾದರೂ ಹಳೆಯದರ ಗುರುತು ಬೇರೆ. ಗೇರಿನ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರು! ಪೆಟ್ರೋಲಿನೊಡನೆ ಎಣ್ಣೆಯನ್ನೂ ಬೆರೆಸಬೇಕು. ಆ ಹೊಗೆಯ ವಾಸನೆಯನ್ನು ಬಲ್ಲವರು ಮರೆಯಲಾರರು.

ನಮ್ಮ ತಂದೆಯವರು ನಮ್ಮನ್ನು ಶಾಲೆಗೆ ಕರೆತರುತ್ತಿದ್ದುದು ಇಂಥದೊಂದರ ಮೇಲೆ. ನಮ್ಮ ಟ್ರೈನಿಂಗಿನ ಶುಲ್ಕಕ್ಕಾಗಿ ಅದನ್ನು ಮಾರಿದರು. ಹಳೆಯ ಬಂಡಿ, ತೊಲಗಿತು ಎಂದರಷ್ಟೆ. ಆದರೆ ಅನಂತರ ಎಷ್ಟೋ ಸಂಜೆ, ಬೀದಿಯಲ್ಲಿ ಆ ಸದ್ದು ಕೇಳಿದೊಡನೆ ಅವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದುದನ್ನು ನಾವು ಕಂಡಿದ್ದೇವೆ.

ನಂಬರನ್ನು ನೋಡಿದೆವು, ಬೇರೆಯದು. ಅಷ್ಟರಲ್ಲಿ ಒಡೆಯರು ಬಂದು, "ಏನಮ್ಮಾ, ಕೊಳ್ಳುವಿರಾ?" ಎಂದು ನಕ್ಕರು. ಇಲ್ಲವೆಂದೆವು. ಒಮ್ಮೆ ಸ್ಟಾರ್ಟು ಮಾಡಿರೆಂದು ಮಾತ್ರ ಬೇಡಿಕೊಂಡೆವು.