ಹೇಳದೆ ಬಿಟ್ಟ ಮಹಡಿ

ಹುಬ್ಬಳ್ಳಿಯಿಂದ ಮೈಸೂರಿಗೆ ವರ್ಗವಾಗಿ ಬಂದ ರಾಯರು, ಲಾರಿ ಬರುವ ಮೊದಲೇ ಮಾರುಕಟ್ಟೆಗೆ ಹೋಗಿ ನಾಲ್ವರು ಹಮಾಲಿಗಳನ್ನು ಗೊತ್ತುಮಾಡಿದರು. ಚೌಕಾಶಿ ಮಾಡಿ 2,000 ರೂಪಾಯಿಗೆ ಒಪ್ಪಿಸಿದರು. ಮನೆ ಎರಡನೇ ಮಹಡಿಯಲ್ಲಿದೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಮೆಟ್ಟಿಲು ಕಂಡ ಹಿರಿಯ ಹಮಾಲಿ, 'ಇದನ್ನ ಹೇಳ್ಲೇ ಇಲ್ವಲ್ಲ ಸ್ವಾಮಿ' ಎಂದ. 'ಒಪ್ಪಿಕೊಂಡ ಮೇಲೆ ಮುಗೀತು' ಎಂದರು ರಾಯರು. ಆತ ಮಾತಾಡದೆ ಟವೆಲ್ಲನ್ನು ಸಿಂಬೆ ಸುತ್ತಿ ತಲೆಗಿಟ್ಟುಕೊಂಡ.

ಬೀರುವಿಗೆ ಹಗ್ಗ ಬಿಗಿದು, ತಿರುವಿನಲ್ಲಿ ನಿಂತು ನಿಂತು ಏರಿಸಿದರು. ಪಿಯುಸಿ ಓದುವ ಮಗನ ಪುಸ್ತಕದ ಪೆಟ್ಟಿಗೆಯೂ ಕಲ್ಲಿನಷ್ಟು ಭಾರ. 'ಪುಸ್ತಕ ಸಣ್ಣ ಡಬ್ಬಕ್ಕೆ, ಬಟ್ಟೆ ದೊಡ್ಡ ಡಬ್ಬಕ್ಕೆ ತುಂಬ್ಬೇಕು ಕಣಪ್ಪ' ಎಂದು ಹಮಾಲಿ ನಕ್ಕ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಆದರೆ ಮನೆಸಾಮಾನನ್ನು ತೂಗಿ ಹೊರಿಸುವವರು ಯಾರು?

ರಾಯರು ಹಣ ಎಣಿಸುವಾಗ ಮಗ ಮೆಲ್ಲಗೆ ಕೇಳಿದ: 'ಅಪ್ಪಾ, ಮಹಡಿ ವಿಷಯ ಮೊದಲೇ ಹೇಳಿದ್ರೆ ಅವರು ಎಷ್ಟು ಕೇಳ್ತಿದ್ರು?'

ರಾಯರು ಉತ್ತರಿಸಲಿಲ್ಲ. ಇನ್ನೂ 800 ರೂಪಾಯಿ ಸೇರಿಸಿ ಹಮಾಲಿಯ ಕೈಗಿತ್ತರು. ಕೂಲಿ ಗೊತ್ತುಮಾಡುವಾಗ ಮಹಡಿಯನ್ನೂ ಬೀರುವನ್ನೂ ಮುಚ್ಚಿಡಬಾರದೆಂಬ ಪಾಠ, ಅಂದು ಮಗನಿಂದ ತಂದೆಗೆ ಆಯಿತು.